ತಾಯಂದಿರ ಮಾಸಾಶನ: ಅಮೆರಿಕದಲ್ಲಿ ಒಂದು ಹಕ್ಕಿನ ಉದಯಾಸ್ತ

ದಾನಕ್ಕೆ ಮೊದಲು ಪಾತ್ರಾಪಾತ್ರ ವಿವೇಚನೆ ನಡೆಯಬೇಕೆಂಬುದು ನಮ್ಮ ಧರ್ಮಶಾಸ್ತ್ರಕಾರರು ಮಾತ್ರ ಹೇಳಿದ ಮಾತಲ್ಲ. ಬಡವರಿಗೆ ಬೊಕ್ಕಸದಿಂದ ಹಣ ಕೊಡಲು ಹೊರಟ ಆಧುನಿಕ ರಾಜ್ಯಗಳೂ ಥೈಲಿಯನ್ನು ಬಿಚ್ಚುವುದಕ್ಕೆ ಮುಂಚೆ, ಯೋಗ್ಯರಾರು ಅಯೋಗ್ಯರಾರು ಎಂಬ ಪಟ್ಟಿಯನ್ನೇ ಬಿಚ್ಚಿವೆ. ಪಟ್ಟಿಯನ್ನು ಬರೆಯುವವರು ಒಂದು ಕಡೆ, ಅದರಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ಕಾದು ನಿಲ್ಲುವವರು ಇನ್ನೊಂದು ಕಡೆ, ಇದು ಲೋಕದ ವಾಡಿಕೆ. ಆದರೆ 1960ರ ದಶಕದಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಕಾದು ನಿಂತಿದ್ದವರೇ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದ ಒಂದು ಅಪೂರ್ವ ಪ್ರಸಂಗ ನಡೆಯಿತು. ಅವರು ಗಂಡನ ಆಸರೆಯಿಲ್ಲದೆ ಮಕ್ಕಳನ್ನು ಸಾಕುತ್ತಿದ್ದ ಬಡ ತಾಯಂದಿರು. ಅವರಲ್ಲಿ ಮುಂದಾಳುಗಳಾಗಿ ನಿಂತವರು ಬಹುಮಟ್ಟಿಗೆ ಕಪ್ಪು ವರ್ಣದ ಹೆಂಗಸರು. ಅವರು ಸರ್ಕಾರದೊಡನೆ ಹೂಡಿದ ವ್ಯಾಜ್ಯ, ಅದರಲ್ಲಿ ಗೆದ್ದದ್ದು, ಸೋತದ್ದು, ಆ ಗೆಲುವಿನ ಬೇರನ್ನೇ ಕಿತ್ತ 1996ರ ಕಾನೂನು, ಆ ಬಳಿಕವೂ ಅಳಿಯದೆ ಉಳಿದ ಸಂಘಪ್ರಯತ್ನಗಳು, ಇವುಗಳ ವೃತ್ತಾಂತವೇ ಈ ಲೇಖನದ ವಿಷಯ.

ಮೊದಲು ಹಿನ್ನೆಲೆ. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ವೈಟ್ ಹೌಸಿನಲ್ಲಿ ಕರೆದ ಒಂದು ಸಮ್ಮೇಳನವು, ಬಡತನವೊಂದೇ ಕಾರಣವಾಗಿ ಮಗುವನ್ನು ತಾಯಿಯ ಮಡಿಲಿನಿಂದ ಬಿಡಿಸಿ ಅನಾಥಾಲಯಕ್ಕೆ ಸೇರಿಸುವುದು ಸಲ್ಲದು ಎಂದು ಸಾರಿತು. ಎರಡು ವರ್ಷಗಳ ತರುವಾಯ, 1911ರಲ್ಲಿ, ಇಲಿನಾಯ್ ಸಂಸ್ಥಾನವು ಅಂತಹ ಮನೆಗಳಿಗೆ ಮಾಸಾಶನ ಕೊಡುವ ಕಾನೂನನ್ನು ತಂದಿತು. ಹತ್ತು ವರ್ಷ ಕಳೆಯುವುದರೊಳಗೆ ಬಹುಪಾಲು ಸಂಸ್ಥಾನಗಳು ಅದನ್ನು ಅನುಸರಿಸಿದುವು. ಉದ್ದೇಶವೇನೋ ಉದಾತ್ತವಾದುದೇ. ಆದರೆ ಆ ಮಾಸಾಶನವನ್ನು ಪಡೆದವರಾರು ಎಂದು ನೋಡಿದರೆ ಪಟ್ಟಿಯ ಮರ್ಮ ತಿಳಿಯುತ್ತದೆ. 1931ರ ಒಂದು ಸರ್ಕಾರಿ ಸಮೀಕ್ಷೆಯ ಪ್ರಕಾರ, ಫಲಾನುಭವಿಗಳಲ್ಲಿ ನೂರಕ್ಕೆ 96 ಮಂದಿ ಬಿಳಿಯರು, ನೂರಕ್ಕೆ 82 ಮಂದಿ ವಿಧವೆಯರು. ಗಂಡ ಸತ್ತವಳು ಪಾತ್ರಳು. ಗಂಡ ಬಿಟ್ಟುಹೋದವಳು ಸಂದೇಹಾಸ್ಪದಳು. ಮದುವೆಯಾಗದೆ ತಾಯಿಯಾದವಳು ಅಪಾತ್ರಳು. ಕಪ್ಪು ವರ್ಣದವಳಾದರೋ, ಹತ್ತಿಯ ಹೊಲಕ್ಕೂ ಬಿಳಿಯರ ಅಡುಗೆಮನೆಗೂ ಹುಟ್ಟಿದವಳಾದ್ದರಿಂದ, ಮನೆಯಲ್ಲಿ ಕುಳಿತು ಮಕ್ಕಳನ್ನು ನೋಡಿಕೊಳ್ಳುವ ಪ್ರಶ್ನೆಯೇ ಅವಳ ವಿಷಯದಲ್ಲಿ ಏಳುತ್ತಿರಲಿಲ್ಲ.

1935ರ ಆಗಸ್ಟ್ 14ರಂದು ಫ್ರಾಂಕ್ಲಿನ್ ರೂಸ್‌ವೆಲ್ಟರು ಸಹಿ ಮಾಡಿದ ಸಾಮಾಜಿಕ ಭದ್ರತಾ ಕಾನೂನು ಈ ಚದುರಿದ ಮಾಸಾಶನಗಳನ್ನು ಕೇಂದ್ರ ಸರ್ಕಾರದ ಆಶ್ರಯಕ್ಕೆ ತಂದು, ಅವಲಂಬಿತ ಮಕ್ಕಳ ಸಹಾಯನಿಧಿ ಎಂದು ಕರೆಯಿತು. ಮೊದಲ ಮಗುವಿಗೆ ತಿಂಗಳಿಗೆ 18 ಡಾಲರು, ಅನಂತರದ ಒಂದೊಂದು ಮಗುವಿಗೆ 12 ಡಾಲರು. ಇವು ಕೇಂದ್ರವು ತನ್ನ ಪಾಲು ಕೊಡಲು ಗೊತ್ತುಮಾಡಿದ ಮಿತಿಗಳು. ತಾಯಿಯ ಹೊಟ್ಟೆಗೆಂದು ಈ ಲೆಕ್ಕದಲ್ಲಿ ಒಂದು ಕಾಸೂ ಇರಲಿಲ್ಲ. ಮಕ್ಕಳಿಗೆ ಅನ್ನ ಬೇಕು, ಬೇಯಿಸಿ ಬಡಿಸುವವಳಿಗೆ ಬೇಡ ಎಂಬಂತಿದ್ದ ಈ ಏರ್ಪಾಡು 1950ರವರೆಗೂ ಹಾಗೆಯೇ ನಡೆಯಿತು. ಅದೇ ಕಾನೂನು ವೃದ್ಧಾಪ್ಯ ವಿಮೆಯಿಂದಲೂ ನಿರುದ್ಯೋಗ ವಿಮೆಯಿಂದಲೂ ಬೇಸಾಯದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು, ಎಂದರೆ ದಕ್ಷಿಣದ ಕಪ್ಪು ಜನರಲ್ಲಿ ಬಹುಭಾಗವನ್ನು ಹೊರಗಿಟ್ಟಿತು. 1939ರ ತಿದ್ದುಪಡಿಯಿಂದ, ವಿಮೆ ಮಾಡಿಸಿದ್ದ ಕಾರ್ಮಿಕನ ವಿಧವೆ ಗೌರವಯುತವಾದ ವಿಮಾ ಪಿಂಚಣಿಯ ಕಡೆಗೆ ಹೊರಟುಹೋದಳು. ಪರಿತ್ಯಕ್ತೆ, ವಿಚ್ಛೇದಿತೆ, ಅವಿವಾಹಿತೆ, ಇವರು ಮಾತ್ರ ಹಳೆಯ ನಿಧಿಯ ಬಾಗಿಲಲ್ಲಿ ಉಳಿದರು. ಜನರ ಮಾತಿನಲ್ಲಿ ‘ವೆಲ್ಫೇರ್’ ಎಂಬುದು ಅನಾದರದ ಹೆಸರಾದುದು ಆ ವಿಂಗಡಣೆಯ ತರುವಾಯವೇ.

ಹಣ ಕೇಂದ್ರದ್ದಾದರೂ ನಿಯಮಗಳನ್ನು ಮಾಡುವವರು ಸಂಸ್ಥಾನದವರು. ಮನೆ ‘ಯೋಗ್ಯ ಗೃಹ’ವಾಗಿರಬೇಕೆಂದು ಒಂದು ನಿಯಮ, ಮನೆಯಲ್ಲಿ ಗಂಡಸಿನ ಸುಳಿವು ಕಂಡರೆ ಅವನೇ ಮಕ್ಕಳ ಪೋಷಕನೆಂದು ಭಾವಿಸಿ ಸಹಾಯವನ್ನು ನಿಲ್ಲಿಸತಕ್ಕದ್ದೆಂದು ಇನ್ನೊಂದು. 1960ರಲ್ಲಿ ಲೂಯಿಸಿಯಾನ ಸಂಸ್ಥಾನವು ‘ಯೋಗ್ಯ ಗೃಹ’ದ ನೆಪದಿಂದ ಸುಮಾರು 23,000 ಮಕ್ಕಳನ್ನು ಪಟ್ಟಿಯಿಂದ ತೆಗೆದುಹಾಕಿತು. ಕ್ಯಾಲಿಫೋರ್ನಿಯದ ಅಲಮೀಡ ಜಿಲ್ಲೆಯಲ್ಲಿ, 1963ರ ಜನವರಿಯ ಒಂದು ಭಾನುವಾರ, ಬೆಳಗಿನ ಆರೂವರೆ ಗಂಟೆಯ ಹೊತ್ತಿಗೆ, ಅಧಿಕಾರಿಗಳು ಇಬ್ಬಿಬ್ಬರಾಗಿ ಹೊರಟರು: ಒಬ್ಬನು ಮುಂಬಾಗಿಲು ತಟ್ಟುವುದು, ಇನ್ನೊಬ್ಬನು ಯಾರಾದರೂ ಓಡಿಹೋಗುವರೇ ಎಂದು ಹಿತ್ತಿಲ ಬಾಗಿಲಲ್ಲಿ ಕಾಯುವುದು, ಒಳಗೆ ಹೋಗಿ ಮಂಚದ ಕೆಳಗೂ ಬಟ್ಟೆಯ ಬೀರುವಿನೊಳಗೂ ಗಂಡಸಿನ ಕುರುಹನ್ನು ಹುಡುಕುವುದು. ಈ ಕೆಲಸಕ್ಕೆ ಒಲ್ಲೆನೆಂದವನು ಬೆನ್ನಿ ಪ್ಯಾರಿಷ್ ಎಂಬ ಒಬ್ಬ ಅಂಧ ನೌಕರ. ಅವನನ್ನು ಕೆಲಸದಿಂದ ತೆಗೆದರು. ಅವನು ನ್ಯಾಯಾಲಯಕ್ಕೆ ಹೋದನು. 1967ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಅವನ ಪಕ್ಷವನ್ನೇ ಎತ್ತಿಹಿಡಿಯಿತು.

ಅದೇ 1963ರಲ್ಲಿ, ಲಾಸ್ ಏಂಜಲೀಸಿನ ವಾಟ್ಸ್ ಮೊಹಲ್ಲದ ನಿಕರ್ಸನ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿಯಲ್ಲಿ ಜಾನಿ ಟಿಲ್‌ಮನ್ ಎಂಬಾಕೆ ತನ್ನ ನೆರೆಯ ತಾಯಂದಿರನ್ನು ಕೂಡಿಸಿ ಒಂದು ಸಂಘ ಕಟ್ಟಿದಳು. ಆಕೆ 1926ರಲ್ಲಿ ಆರ್ಕನ್ಸಾದ ಸ್ಕಾಟ್ ಎಂಬ ಊರಿನಲ್ಲಿ, ಪರರ ಹೊಲವನ್ನು ಪಾಲಿಗೆ ಗೇಯುವ ಕುಟುಂಬದಲ್ಲಿ ಹುಟ್ಟಿದವಳು, ಹತ್ತಿ ಬಿಡಿಸಿದ್ದಳು, ಪಶ್ಚಿಮಕ್ಕೆ ಬಂದು ಲಾಂಡ್ರಿಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತ, ಅಲ್ಲಿಯ ಕಾರ್ಮಿಕ ಸಂಘದ ಪ್ರತಿನಿಧಿಯಾಗಿ ವಾದಿಸುವುದನ್ನು ಕಲಿತಿದ್ದಳು. ಕಾಯಿಲೆ ಬಿದ್ದು, ಆರು ಮಂದಿ ಮಕ್ಕಳ ಸಂಸಾರವನ್ನು ನಡೆಸಲಾರದೆ, ಒಲ್ಲದ ಮನಸ್ಸಿನಿಂದ ಸಹಾಯನಿಧಿಯ ಕಚೇರಿಯ ಮೆಟ್ಟಿಲು ಹತ್ತಿದಳು. ದುಡಿದು ಬದುಕುತ್ತಿದ್ದಾಗ ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಅಲ್ಲಿ ಕೇಳಿದರು; ಮನೆಗೆ ಬಂದು ಪೆಟ್ಟಿಗೆ ತೆರೆದು ನೋಡಿದರು; ಟೆಲಿವಿಷನ್ ಎಲ್ಲಿಂದ ಬಂತು ಎಂದರು. ಸಾವಿರಾರು ಹೆಂಗಸರು ಬಾಯಿಮುಚ್ಚಿ ಸಹಿಸಿದ್ದ ಈ ವಿಚಾರಣೆಯನ್ನು ಟಿಲ್‌ಮನ್ ಸಹಿಸಲಿಲ್ಲ. ಕಾರ್ಖಾನೆಯಲ್ಲಿ ಕೂಲಿಗಾಗಿ ಸಂಘವಿರಬಹುದಾದರೆ ಇಲ್ಲಿ ಏಕಿರಬಾರದು ಎಂಬುದು ಆಕೆಗೆ ತೋಚಿದ ತರ್ಕ.

ಈ ತರ್ಕಕ್ಕೆ ದೇಶವ್ಯಾಪಿಯಾದ ಶರೀರವನ್ನು ಕೊಟ್ಟವನು ಜಾರ್ಜ್ ವೈಲಿ. ಆತ ರಸಾಯನಶಾಸ್ತ್ರದ ಪ್ರಾಧ್ಯಾಪಕ. ಕಾರ್ನೆಲ್ ವಿಶ್ವವಿದ್ಯಾನಿಲಯದ ಪಂಡಿತ ಪದವಿಯನ್ನು ಪಡೆದು, ಸಿರಕ್ಯೂಸಿನಲ್ಲಿ ಪಾಠ ಹೇಳುತ್ತಿದ್ದು, ಆ ವೃತ್ತಿಯನ್ನು ತೊರೆದು ನಾಗರಿಕ ಹಕ್ಕುಗಳ ಚಳವಳಿಗೆ ಬಂದವನು. 1966ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಫಾಕ್ಸ್ ಪಿವನ್ ಮತ್ತು ರಿಚರ್ಡ್ ಕ್ಲೋವರ್ಡ್ ಎಂಬ ಇಬ್ಬರು ವಿದ್ವಾಂಸರು ‘ದಿ ನೇಷನ್’ ಪತ್ರಿಕೆಯಲ್ಲಿ ಒಂದು ವಿಚಾರವನ್ನು ಮಂಡಿಸಿದರು: ಕಾನೂನಿನ ಪ್ರಕಾರ ಸಹಾಯಕ್ಕೆ ಅರ್ಹರಾದವರಲ್ಲಿ ಬಹುಮಂದಿ ಅದನ್ನು ಪಡೆಯುತ್ತಲೇ ಇಲ್ಲ, ಅವರೆಲ್ಲರೂ ಒಮ್ಮೆಲೇ ಬಂದು ಕೇಳಿದರೆ ಹಳೆಯ ವ್ಯವಸ್ಥೆ ತನ್ನ ಭಾರಕ್ಕೆ ತಾನೇ ಕುಸಿದು, ಎಲ್ಲರಿಗೂ ಕನಿಷ್ಠ ಆದಾಯವನ್ನು ಖಾತ್ರಿಗೊಳಿಸುವ ಹೊಸ ವ್ಯವಸ್ಥೆಗೆ ದಾರಿಯಾಗುತ್ತದೆ. ಅದೇ ಬೇಸಿಗೆಯಲ್ಲಿ ಒಹಾಯೊ ಸಂಸ್ಥಾನದ ಒಂದು ಗುಂಪು ಕ್ಲೀವ್‌ಲೆಂಡಿನಿಂದ ರಾಜಧಾನಿ ಕೊಲಂಬಸ್ಸಿಗೆ, 155 ಮೈಲಿಗಳ ದಾರಿಯನ್ನು ಹತ್ತು ದಿನಗಳಲ್ಲಿ ನಡೆದು, ಜೂನ್ 30ರಂದು ತಲಪಿತು. ಆ ದಿನವೇ ವೈಲಿಯ ಏರ್ಪಾಟಿನಿಂದ ದೇಶದ ಸುಮಾರು ಇಪ್ಪತ್ತೈದು ಪಟ್ಟಣಗಳಲ್ಲಿ ತಾಯಂದಿರು ಕಚೇರಿಗಳ ಮುಂದೆ ನೆರೆದರು. 1967ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನಲ್ಲಿ ರಾಷ್ಟ್ರೀಯ ವೆಲ್ಫೇರ್ ಹಕ್ಕುಗಳ ಸಂಘ ಸ್ಥಾಪಿತವಾಯಿತು. ಟಿಲ್‌ಮನ್ ಅಧ್ಯಕ್ಷೆ, ವೈಲಿ ಕಾರ್ಯನಿರ್ವಾಹಕ ನಿರ್ದೇಶಕ. ವರ್ಷಕ್ಕೆ ಒಂದು ಡಾಲರು ಚಂದಾ. ಚುನಾಯಿತ ಸ್ಥಾನಗಳು ಬಡ ತಾಯಂದಿರದು. ಸಂಬಳದ ನೌಕರರು ಬಹುಪಾಲು ವಿದ್ಯಾವಂತ ಗಂಡಸರು. ಈ ವಿಭಾಗದಲ್ಲಿ ಮುಂದಿನ ಒಡಕಿನ ಬೀಜವಿದ್ದಿತು.

ಸಂಘದ ಬಲ ಮೆರವಣಿಗೆಯಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಒಂದು ಪುಸ್ತಕದಲ್ಲಿತ್ತು. ಕಚೇರಿಯ ಕೇಸ್ ವರ್ಕರನ ಮೇಜಿನ ಮೇಲಿರುತ್ತಿದ್ದ ನಿಯಮಾವಳಿಯಲ್ಲಿ ಒಂದು ಸಂಸಾರಕ್ಕೆ ಏನೇನು ಅವಶ್ಯವೆಂಬುದನ್ನು ಸರ್ಕಾರವೇ ಬರೆದಿಟ್ಟಿತ್ತು: ತಲೆಗೊಂದು ಹಾಸಿಗೆ, ಹೊದಿಕೆ, ಚಳಿಗಾಲದ ಕೋಟು, ಶಾಲೆಗೆ ಹೋಗುವ ಮಗುವಿಗೆ ಬೂಟು, ಅಡುಗೆಯ ಪಾತ್ರೆ, ಊಟದ ಮೇಜು, ಕಿಟಕಿಯ ಪರದೆ. ಈ ವಸ್ತುಗಳಿಲ್ಲದವರಿಗೆ ವಿಶೇಷ ಅನುದಾನ ಕೊಡತಕ್ಕದ್ದೆಂದೂ ಅದರಲ್ಲೇ ಇತ್ತು. ಆದರೆ ಆ ಪುಸ್ತಕ ಅರ್ಜಿದಾರರ ಕಣ್ಣಿಗೆ ಬೀಳುತ್ತಿರಲಿಲ್ಲ. ನ್ಯೂಯಾರ್ಕಿನ ತಾಯಂದಿರು, ಬ್ಯೂಲಾ ಸ್ಯಾಂಡರ್ಸ್ ಮೊದಲಾದವರ ಮುಂದಾಳುತನದಲ್ಲಿ, ಅದನ್ನು ಸಂಪಾದಿಸಿ, ಸರಳವಾದ ಮಾತಿನಲ್ಲಿ ಸಂಗ್ರಹಿಸಿ, ನಮೂನೆಗಳನ್ನು ಅಚ್ಚುಹಾಕಿ ಹಂಚಿದರು. ತನ್ನ ಮನೆಯಲ್ಲಿ ಇಲ್ಲದ್ದಕ್ಕೆ ಗುರುತು ಹಾಕಿದ ಆ ಕಾಗದವನ್ನು ಹಿಡಿದು ಒಬ್ಬೊಬ್ಬಳೇ ಹೋದರೆ ಗುಮಾಸ್ತ ಗದರಿಸಬಹುದು; ಐವತ್ತು ಮಂದಿ ಒಟ್ಟಿಗೆ, ಮಕ್ಕಳನ್ನೂ ಕಂಕುಳಲ್ಲೆತ್ತಿಕೊಂಡು ಹೋಗಿ, ಚೆಕ್ಕು ಬರುವವರೆಗೆ ಕುರ್ಚಿ ಬಿಟ್ಟೇಳದಿದ್ದರೆ ಅವನು ಏನು ಮಾಡಿಯಾನು? ಯಾಚನೆಗೆ ಬಂದವರಲ್ಲ ಅವರು. ಸರ್ಕಾರದ ಮಾತನ್ನು ಸರ್ಕಾರಕ್ಕೇ ಓದಿಹೇಳಲು ಬಂದವರು. ವಿಶೇಷ ಅನುದಾನದ ವೆಚ್ಚ ನಗರದಲ್ಲಿ ಹೇಗೆ ಏರಿತೆಂದರೆ, 1968ರಲ್ಲಿ ಆ ಅನುದಾನಗಳನ್ನೇ ರದ್ದುಪಡಿಸಿ, ಎಲ್ಲರಿಗೂ ತಲಾ ಒಂದೇ ನಿಗದಿಯಾದ ಅಲ್ಪ ಮೊತ್ತವನ್ನು ಗೊತ್ತುಮಾಡಿದರು. ಸಂಘಕ್ಕೆ ಇದು ದೊಡ್ಡ ಪೆಟ್ಟು: ಕೇಳಿ ಪಡೆಯತಕ್ಕದ್ದೇನೂ ಇಲ್ಲವಾದ ಮೇಲೆ ಹೊಸ ಸದಸ್ಯೆಯರು ಸೇರುವುದಕ್ಕೆ ಕಾರಣವೂ ಇಲ್ಲವಾಯಿತು. ಹಕ್ಕು ಎಷ್ಟಿರುವುದೋ ಸಂಘವೂ ಅಷ್ಟೇ ಬೆಳೆಯುವುದೆಂಬ ಸತ್ಯ ಮೊದಲು ಕಂಡುಬಂದುದು ಇಲ್ಲಿ.

ಬೀದಿಯಲ್ಲಿ ನಡೆದುದು ನ್ಯಾಯಾಲಯದಲ್ಲಿಯೂ ಮುಂದುವರಿಯಿತು. ಅಲಬಾಮದ ಡ್ಯಾಲಸ್ ಜಿಲ್ಲೆಯಲ್ಲಿ ಶ್ರೀಮತಿ ಸ್ಮಿತ್ ಎಂಬ ನಾಲ್ಕು ಮಕ್ಕಳ ತಾಯಿ ಹೋಟೆಲೊಂದರಲ್ಲಿ ಬೆಳಗಿನ ಜಾವ ಮೂರೂವರೆಯಿಂದ ಮಧ್ಯಾಹ್ನದವರೆಗೆ ಅಡುಗೆಯೂ ಪರಿಚಾರಿಕೆಯೂ ಮಾಡಿ ವಾರಕ್ಕೆ 16ರಿಂದ 20 ಡಾಲರು ಸಂಪಾದಿಸುತ್ತಿದ್ದಳು. ವಾರದ ಕೊನೆಯಲ್ಲಿ ಅವಳ ಮನೆಗೆ ಒಬ್ಬ ಗಂಡಸು ಬಂದುಹೋಗುತ್ತಿದ್ದನು. ಅವನಿಗೆ ಅವನದೇ ಒಂಬತ್ತು ಮಕ್ಕಳು. ಅಲಬಾಮದ ನಿಯಮಕ್ಕೆ ಇಷ್ಟೇ ಸಾಕಾಯಿತು: ಅವನು ಈ ಮಕ್ಕಳಿಗೆ ‘ಬದಲಿ ತಂದೆ’, ಆದುದರಿಂದ ಸಹಾಯವಿಲ್ಲ. ಈ ನಿಯಮ ಜಾರಿಗೆ ಬಂದ ಮೇಲೆ ಎರಡೂವರೆ ವರ್ಷಗಳಲ್ಲಿ ಆ ಸಂಸ್ಥಾನದ ಪಟ್ಟಿಯಲ್ಲಿ ಸುಮಾರು 16,000 ಮಕ್ಕಳು ಕಡಿಮೆಯಾಗಿದ್ದರು. ಶ್ರೀಮತಿ ಸ್ಮಿತ್ ಮೊಕದ್ದಮೆ ಹೂಡಿದಳು. 1968ರ ಜೂನಿನಲ್ಲಿ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರ ನೇತೃತ್ವದ ಸರ್ವೋಚ್ಚ ನ್ಯಾಯಾಲಯ ಏಕಕಂಠದಿಂದ ಆ ನಿಯಮವನ್ನು ತಳ್ಳಿಹಾಕಿತು: ಮಕ್ಕಳನ್ನು ಸಾಕುವ ಕಾನೂನುಬದ್ಧ ಹೊಣೆ ಯಾರಿಗಿಲ್ಲವೋ ಅವನನ್ನು ತಂದೆಯೆಂದು ಕರೆದು ಮಕ್ಕಳ ಅನ್ನವನ್ನು ಕಸಿಯಕೂಡದು. 1969ರಲ್ಲಿ, ಹೊಸದಾಗಿ ಬಂದು ನೆಲಸಿದವರಿಗೆ ಒಂದು ವರ್ಷ ಕಳೆಯುವವರೆಗೆ ಸಹಾಯವಿಲ್ಲವೆಂಬ ನಿಯಮವೂ ಬಿದ್ದಿತು. 1970ರ ಮಾರ್ಚಿನಲ್ಲಿ, ವಿಚಾರಣೆ ನಡೆಸದೆ ಯಾರ ಸಹಾಯವನ್ನೂ ನಿಲ್ಲಿಸಕೂಡದೆಂದು ಗೋಲ್ಡ್‌ಬರ್ಗ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಆದರೆ ಅದೇ ವಸಂತದಲ್ಲಿ, ಕುಟುಂಬ ಎಷ್ಟೇ ದೊಡ್ಡದಿರಲಿ ತಿಂಗಳಿಗೆ 250 ಡಾಲರಿಗೆ ಮೀರಕೂಡದೆಂಬ ಮೇರಿಲೆಂಡಿನ ಮಿತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಸಹಾಯವನ್ನು ನ್ಯಾಯವಾದ ರೀತಿಯಲ್ಲಿ ಹಂಚುವಂತೆ ವಿಧಿಸಲು ನ್ಯಾಯಾಧೀಶರು ಸಿದ್ಧರಿದ್ದರು; ಬದುಕಲು ಸಾಕಾಗುವಷ್ಟು ಕೊಡುವಂತೆ ವಿಧಿಸಲು ಸಿದ್ಧರಿರಲಿಲ್ಲ.

ಈ ನಡುವೆ ಕಾಂಗ್ರೆಸ್ಸು 1967ರಲ್ಲಿ ಮೊದಲ ‘ಸುಧಾರಣೆ’ಯನ್ನು ಕೈಗೊಂಡಿತು. ತಾಯಂದಿರನ್ನು ಕೆಲಸಕ್ಕೆ ಕಳುಹಿಸುವ ಒಂದು ಯೋಜನೆ; ತಂದೆ ಬಿಟ್ಟುಹೋದ ಮಕ್ಕಳ ಸಂಖ್ಯೆ ಹೆಚ್ಚಿದರೂ ಕೇಂದ್ರದ ಹಣವನ್ನು ಹೆಚ್ಚಿಸದಿರುವ ಒಂದು ತಡೆ. ಆ ಸೆಪ್ಟೆಂಬರಿನಲ್ಲಿ ತಾಯಂದಿರು ಸೆನೆಟ್ಟಿನ ಹಣಕಾಸು ಸಮಿತಿಯ ಮುಂದೆ ಸಾಕ್ಷ್ಯ ಹೇಳಲು ಹೋದಾಗ ಬಹುಪಾಲು ಸದಸ್ಯರು ಎದ್ದುಹೋಗಿದ್ದರು. ತಾಯಂದಿರು ಏಳಲೊಲ್ಲದೆ ಕುಳಿತರು. ಸಮಿತಿಯ ಅಧ್ಯಕ್ಷ ರಸೆಲ್ ಲಾಂಗ್ ಅವರನ್ನು ಮರಿಹಾಕುವ ಕುದುರೆಗಳಿಗೆ ಹೋಲಿಸಿದನೆಂಬುದು ಆ ಕಾಲದ ಸಭ್ಯತೆಯ ಅಳತೆಗೋಲಾಗಿ ಚರಿತ್ರೆಯಲ್ಲಿ ಉಳಿದಿದೆ. ಕಾನೂನು ಜಾರಿಯಾಯಿತಾದರೂ ಹಣದ ತಡೆ ಆಚರಣೆಗೆ ಬರಲಿಲ್ಲ. 1969ರಲ್ಲಿ ಅದನ್ನು ರದ್ದುಗೊಳಿಸಿದರು.

1968ರ ಫೆಬ್ರವರಿಯಲ್ಲಿ ಷಿಕಾಗೊ ನಗರದಲ್ಲಿ ನಡೆದ ಒಂದು ಭೇಟಿಯನ್ನು ಇಲ್ಲಿ ನೆನೆಯಬೇಕು. ದರಿದ್ರರ ದಂಡಯಾತ್ರೆಯೊಂದನ್ನು ಯೋಜಿಸುತ್ತಿದ್ದ ಮಾರ್ಟಿನ್ ಲೂಥರ್ ಕಿಂಗರು ಈ ಸಂಘದ ಬೆಂಬಲವನ್ನು ಕೋರಿ ಬಂದರು. ಆ ಹೊಸ ಕಾನೂನಿನ ವಿಷಯದಲ್ಲಿ ತಮ್ಮ ನಿಲವೇನೆಂದು ತಾಯಂದಿರು ಪ್ರಶ್ನಿಸಿದರು. ಕಿಂಗರಿಗೆ ಅದರ ವಿವರ ಗೊತ್ತಿರಲಿಲ್ಲ. ತಿಳಿಯದಿದ್ದರೆ ತಿಳಿಯದೆಂದು ಹೇಳಬೇಕೆಂದು ಟಿಲ್‌ಮನ್ ನೇರವಾಗಿಯೇ ಹೇಳಿದಳು. ಜಗದ್ವಿಖ್ಯಾತನಾದ ಆ ಮಹಾಪುರುಷನು ಅದನ್ನು ಒಪ್ಪಿ, ಕಲಿಯುವುದಕ್ಕೇ ಬಂದಿರುವುದಾಗಿ ನುಡಿದನೆಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಕಿಂಗರ ಹತ್ಯೆಯಾದ ಮರುತಿಂಗಳು, ಮೇ 12ರ ತಾಯಂದಿರ ದಿನದಂದು, ಅವರ ಪತ್ನಿ ಕೊರೆಟ್ಟಾ ವಾಷಿಂಗ್ಟನ್ನಿನಲ್ಲಿ ಈ ಹೆಂಗಸರ ಮೆರವಣಿಗೆಯ ಮುಂಭಾಗದಲ್ಲಿ ನಡೆದರು.

ನಿಕ್ಸನ್ ಅಧ್ಯಕ್ಷನಾದ ಮೇಲೆ, 1969ರ ಆಗಸ್ಟಿನಲ್ಲಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,600 ಡಾಲರುಗಳ ಕನಿಷ್ಠ ಆದಾಯವನ್ನು ಖಾತ್ರಿಪಡಿಸುವ ಯೋಜನೆಯನ್ನು ಪ್ರಕಟಿಸಿದನು. ಎಲ್ಲರಿಗೂ ಖಾತ್ರಿಯಾದ ಆದಾಯವೆಂಬ ತತ್ತ್ವವನ್ನು ಸಂಪ್ರದಾಯಪಕ್ಷದ ಅಧ್ಯಕ್ಷನೇ ಒಪ್ಪಿದ್ದು ಸಾಮಾನ್ಯ ಸಂಗತಿಯಲ್ಲ. ದಕ್ಷಿಣದ ಕೆಲವು ಸಂಸ್ಥಾನಗಳ ತಾಯಂದಿರಿಗೆ ಅಷ್ಟು ಹಣವೂ ಹೆಚ್ಚೇ ಆಗುತ್ತಿತ್ತು. ಉತ್ತರದ ನಗರಗಳಲ್ಲಿ ಇದ್ದುದಕ್ಕಿಂತ ಬಹಳ ಕಡಿಮೆ. ಸಂಘವು 5,500 ಡಾಲರನ್ನು ಕೇಳಿ, ಯೋಜನೆಯನ್ನು ವಿರೋಧಿಸಿತು. ದಕ್ಷಿಣದ ಜಮೀನ್ದಾರ ಸೆನೆಟರುಗಳು ಅಗ್ಗದ ಕೂಲಿ ತಪ್ಪಿಹೋಗುವುದೆಂದು ವಿರೋಧಿಸಿದರು. ಪರಸ್ಪರ ದ್ವೇಷಿಗಳಾದ ಇಬ್ಬರೂ ಎರಡು ಕಡೆಯಿಂದ ಎಳೆದುದರಿಂದ ಅದು 1972ರಲ್ಲಿ ಸತ್ತಿತು. ಸಂಘವು ಆಗ ಸಿಕ್ಕಿದ್ದನ್ನು ಹಿಡಿದುಕೊಳ್ಳಬೇಕಾಗಿತ್ತೆಂದು ಹೇಳುವವರು ಇದ್ದಾರೆ. ನನಗೆ ತೋರುವಮಟ್ಟಿಗೆ, ಮುಂದಿನ ಐವತ್ತು ವರ್ಷಗಳನ್ನು ಕಂಡವರಿಗೆ ಸುಲಭವಾದ ಆ ಬುದ್ಧಿವಾದ, ಇದ್ದ ಮೊತ್ತವೇ ಕಡಿತವಾಗುವುದೆಂದು ಅಂಜಿದ ನ್ಯೂಯಾರ್ಕಿನ ತಾಯಿಗೆ ಅಷ್ಟು ಸುಲಭವಾಗಿರಲಿಲ್ಲ.

ಇಷ್ಟರಲ್ಲಿ ಈ ಚಳವಳಿಯ ಅತ್ಯಂತ ರೋಚಕವಾದ ಅಧ್ಯಾಯ ಜೂಜಿನ ನಗರವಾದ ಲಾಸ್ ವೇಗಸ್ಸಿನಲ್ಲಿ ನಡೆಯಿತು. ಲೂಯಿಸಿಯಾನದ ಟಲೂಲ ಎಂಬ ಊರಿನ ಸುತ್ತಿನಿಂದ ಬಂದು, ಹೋಟೆಲುಗಳಲ್ಲಿ ಹಾಸಿಗೆ ಹಾಸುವ, ಅಡುಗೆಮನೆ ತೊಳೆಯುವ ಕೆಲಸಗಳಲ್ಲಿದ್ದ ಕಪ್ಪು ಹೆಂಗಸರು ಆ ನಗರದ ಪಶ್ಚಿಮಭಾಗದಲ್ಲಿ ನೆಲಸಿದ್ದರು. ಅವರಲ್ಲಿ ರೂಬಿ ಡಂಕನ್ ಎಂಬಾಕೆ ಹೋಟೆಲಿನ ಅಡುಗೆಮನೆಯಲ್ಲಿ ಎಣ್ಣೆಯ ಮೇಲೆ ಜಾರಿಬಿದ್ದು ದುಡಿಯುವ ಶಕ್ತಿಯನ್ನು ಕಳೆದುಕೊಂಡವಳು. 1971ರ ಜನವರಿಯಲ್ಲಿ ನೆವಾಡದ ವೆಲ್ಫೇರ್ ನಿರ್ದೇಶಕನು ಮೋಸವನ್ನು ತಡೆಯುವ ಹೆಸರಿನಲ್ಲಿ, ವಿಚಾರಣೆಯಿಲ್ಲದೆಯೇ, ಬಹುಸಂಖ್ಯೆಯ ಕುಟುಂಬಗಳ ಸಹಾಯವನ್ನು ನಿಲ್ಲಿಸಿದನು ಇಲ್ಲವೆ ಕಡಿಮೆಮಾಡಿದನು. ಸಂಸ್ಥಾನದ ವರಮಾನವೆಲ್ಲ ಎಲ್ಲಿಂದ ಬರುತ್ತದೆಂಬುದು ಆ ತಾಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಮಾರ್ಚ್ 6ರಂದು ಡಂಕನ್, ವೈಲಿ, ಪಾದ್ರಿ ರಾಲ್ಫ್ ಅಬರ್ನೇಥಿ, ನಟಿ ಜೇನ್ ಫಾಂಡ ಇವರೊಡನೆ ಸಾವಿರಾರು ಜನ ನಗರದ ಪ್ರಧಾನ ಬೀದಿಯಲ್ಲಿ ನಡೆದು, ಸೀಸರ್ಸ್ ಪ್ಯಾಲೆಸ್ ಎಂಬ ವೈಭವೋಪೇತ ಜೂಜುಗೃಹದೊಳಕ್ಕೆ ನುಗ್ಗಿದರು. ಹಿಂಬಾಗಿಲಿನಿಂದ ಕೆಲಸಕ್ಕೆ ಬಂದು ಹೋಗುತ್ತಿದ್ದವರು ಅಂದು ಮುಂಬಾಗಿಲಿನಿಂದ, ಮಕ್ಕಳ ಕೈಹಿಡಿದು, ಜಮಖಾನದ ಮೇಲೆ ನಡೆದುಬಂದರು. ಹಗಲಿರುಳು ನಿಲ್ಲದಿದ್ದ ಜೂಜು ಕೆಲಕಾಲ ನಿಂತಿತು. ಎರಡು ವಾರಗಳೊಳಗೆ ಕೇಂದ್ರ ನ್ಯಾಯಾಧೀಶ ರೋಜರ್ ಫೋಲಿ, ವಿಚಾರಣೆಯಿಲ್ಲದೆ ನಿಲ್ಲಿಸಿದ್ದ ಸಹಾಯವನ್ನು ಮರಳಿ ಕೊಡುವಂತೆ ಆಜ್ಞೆಯಿತ್ತನು. ಬೀದಿಯ ಗದ್ದಲವೊಂದರಿಂದಲೇ ಇದಾಗಲಿಲ್ಲ. ಹಿಂದಿನ ವರ್ಷದ ಗೋಲ್ಡ್‌ಬರ್ಗ್ ತೀರ್ಪು ಕೈಯಲ್ಲಿದ್ದುದರಿಂದ ಆಯಿತು. ಮುಂದೆ ಅದೇ ತಾಯಂದಿರು ‘ಆಪರೇಷನ್ ಲೈಫ್’ ಎಂಬ ಸಂಸ್ಥೆಯನ್ನು ಕಟ್ಟಿ, ಪಾಳುಬಿದ್ದ ಹೋಟೆಲೊಂದನ್ನು ಹಿಡಿದು, ಮಕ್ಕಳ ಚಿಕಿತ್ಸಾಲಯ, ಪುಸ್ತಕಾಲಯ, ಗರ್ಭಿಣಿಯರ ಹಾಗೂ ಶಿಶುಗಳ ಪೋಷಕಾಹಾರ ಯೋಜನೆ, ಇವೆಲ್ಲವನ್ನೂ ತಾವೇ ನಡೆಸಿದರು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಹೆಂಗಸರು ಕೇಂದ್ರ ಸರ್ಕಾರದ ಅನುದಾನದ ಲೆಕ್ಕಪತ್ರಗಳನ್ನು ಇಡುವುದನ್ನು ಕಲಿತರು.

ರಾಷ್ಟ್ರೀಯ ಸಂಘದಲ್ಲಾದರೋ ಒಡಕು ಕಾಣಿಸಿಕೊಂಡಿತು. ದುಡಿಯುವ ಬಡವರನ್ನೂ, ಬಡ ಗಂಡಸರನ್ನೂ ಕೂಡಿಸಿಕೊಂಡು ದೊಡ್ಡದಾದ ಒಂದು ಒಕ್ಕೂಟ ಕಟ್ಟಬೇಕೆಂದು ವೈಲಿಯ ಅಭಿಪ್ರಾಯ; ಇದು ಹೆಂಗಸರ ಪ್ರಶ್ನೆ, ಇದರ ಸೂತ್ರ ಹೆಂಗಸರ ಕೈಯಲ್ಲೇ ಇರಬೇಕೆಂದು ಟಿಲ್‌ಮನ್ನಳ ಅಭಿಪ್ರಾಯ. 1972ರಲ್ಲಿ ‘ಮಿಸ್’ ಎಂಬ ಹೊಸ ಸ್ತ್ರೀವಾದಿ ಪತ್ರಿಕೆಯಲ್ಲಿ ಆಕೆ ಬರೆದ ಲೇಖನದ ಸಾರಾಂಶವಿಷ್ಟು: ಸರ್ಕಾರದ ಸಹಾಯ ಪಡೆಯುವವಳು ಒಬ್ಬ ಗಂಡನ ಹಂಗನ್ನು ಬಿಟ್ಟು ಇನ್ನೊಬ್ಬ ದೊಡ್ಡ ಗಂಡನ ಹಂಗಿಗೆ ಬೀಳುತ್ತಾಳೆ, ಅವನೂ ಅವಳ ಹಣವನ್ನೂ ದೇಹವನ್ನೂ ಮಕ್ಕಳನ್ನೂ ತಾನೇ ಆಳುತ್ತಾನೆ, ಮಕ್ಕಳನ್ನು ಸಾಕುವುದೂ ಕೆಲಸವೆಂದು ಒಪ್ಪಿ ಅದಕ್ಕೆ ಸಂಬಳ ಕೊಟ್ಟರೆ ಈ ಸಮಸ್ಯೆ ಬಗೆಹರಿಯುತ್ತದೆ. ವೈಲಿ ಸಂಘವನ್ನು ಬಿಟ್ಟನು. 1973ರ ಆಗಸ್ಟಿನಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ದೋಣಿಯಿಂದ ಬಿದ್ದು ತೀರಿಕೊಂಡನು. ದೊಡ್ಡ ದಾನಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. 1975ರಲ್ಲಿ ಸಂಘವು ದಿವಾಳಿಯಾಗಿ ಬಾಗಿಲು ಮುಚ್ಚಿತು. ಆದರೂ 1960ರಲ್ಲಿ ಸುಮಾರು 30 ಲಕ್ಷ ಮಂದಿಗೆ ಸಲ್ಲುತ್ತಿದ್ದ ಸಹಾಯ 1970ರ ದಶಕದ ಮೊದಲಿಗೆ ಒಂದು ಕೋಟಿಗೆ ಮೀರಿತ್ತೆಂದರೆ, ಆ ಏರಿಕೆಯಲ್ಲಿ ಈ ತಾಯಂದಿರ ಪಾಲು ಅಲ್ಪವಲ್ಲ.

ಆ ಏರಿಕೆಯೇ ಮುಂದೆ ಅವರ ಮೇಲಿನ ಆರೋಪಪತ್ರವಾಯಿತು. 1976ರ ಚುನಾವಣಾ ಪ್ರಚಾರದಲ್ಲಿ ರೊನಾಲ್ಡ್ ರೇಗನ್ ಹಲವು ಹೆಸರುಗಳಲ್ಲಿ ಸಹಾಯಧನ ಲಪಟಾಯಿಸಿದ ಹೆಂಗಸೊಬ್ಬಳ ಕಥೆಯನ್ನು ಊರೂರಿನಲ್ಲಿ ಹೇಳಿದನು. ಒಬ್ಬಳ ವಂಚನೆ ಲಕ್ಷಾಂತರ ತಾಯಂದಿರ ಮುಖಕ್ಕೆ ಮಸಿಯಾಯಿತು. 1981ರಲ್ಲಿ ಕಡಿತ, 1988ರಲ್ಲಿ ಕೆಲಸದ ಕಡ್ಡಾಯ. ಕೊನೆಗೆ 1992ರಲ್ಲಿ, ತಾನು ಗೆದ್ದರೆ ಜನ ಕಂಡಿದ್ದ ರೂಪದ ವೆಲ್ಫೇರನ್ನೇ ಕೊನೆಗಾಣಿಸುವೆನೆಂದು ಭಾಷೆಯಿತ್ತವನು ರೇಗನ್ನನ ಪಕ್ಷದವನಲ್ಲ, ಎದುರುಪಕ್ಷದ ಬಿಲ್ ಕ್ಲಿಂಟನ್. 1996ರ ಆಗಸ್ಟ್ 22ರಂದು ಆತ ವೈಯಕ್ತಿಕ ಹೊಣೆಗಾರಿಕೆಯ ಹೆಸರು ಹೊತ್ತ ಕಾನೂನಿಗೆ ಸಹಿ ಹಾಕಿದನು. ಅರುವತ್ತೊಂದು ವರ್ಷ ನಡೆದ ವ್ಯವಸ್ಥೆ ಅಂದಿಗೆ ಮುಗಿಯಿತು. ಆತನ ಸರ್ಕಾರದಲ್ಲೇ ಉನ್ನತ ಸ್ಥಾನದಲ್ಲಿದ್ದ ಪೀಟರ್ ಎಡಲ್‌ಮನ್ ಪ್ರತಿಭಟಿಸಿ ರಾಜೀನಾಮೆಯಿತ್ತನು. ಟಿಲ್‌ಮನ್ ಇದನ್ನು ನೋಡಲಿಲ್ಲ. ಹಿಂದಿನ ವರ್ಷದ ನವೆಂಬರಿನಲ್ಲಿ ಆಕೆ ಗತಿಸಿದ್ದಳು.

ಹೊಸ ಕಾನೂನಿನ ಯಂತ್ರ ಹೀಗಿದೆ. ಅರ್ಹಳಾದ ಪ್ರತಿಯೊಬ್ಬಳಿಗೂ ಸಹಾಯ ಸಲ್ಲತಕ್ಕದ್ದೆಂಬ ಹಕ್ಕು ರದ್ದು. ಅದಕ್ಕೆ ಬದಲಾಗಿ ಸಂಸ್ಥಾನಗಳಿಗೆ ವರ್ಷಕ್ಕೆ ಒಟ್ಟು 1,650 ಕೋಟಿ ಡಾಲರುಗಳ ಇಡಿಗಂಟು. ಬಡತನ ಹೆಚ್ಚಲಿ, ಬೆಲೆ ಏರಲಿ, ಗಂಟು ಅಷ್ಟೇ. ಕೇಂದ್ರದ ಹಣದಿಂದ ಒಂದು ಕುಟುಂಬಕ್ಕೆ ಇಡೀ ಆಯುಷ್ಯದಲ್ಲಿ 60 ತಿಂಗಳು ಮಾತ್ರ ಸಹಾಯ. ವಾರಕ್ಕೆ 30 ಗಂಟೆ, ಆರು ವರ್ಷಕ್ಕಿಂತ ಚಿಕ್ಕ ಮಗುವಿದ್ದರೆ 20 ಗಂಟೆ, ಕೆಲಸ. ಸಂಸ್ಥಾನವು ತನ್ನ ಪಟ್ಟಿಯನ್ನು ಕಿರಿದುಮಾಡಿದಷ್ಟೂ, ತಾಯಂದಿರನ್ನು ಕೆಲಸಕ್ಕೆ ಹಚ್ಚಲು ಅದಕ್ಕೆ ವಿಧಿಸಿದ ಗುರಿ ಹಗುರವಾಗುವ ಏರ್ಪಾಡೂ ಇದ್ದುದರಿಂದ, ತಾಯಂದಿರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಕಚೇರಿಗಳಿಗೆ ಲಾಭದಾಯಕವಾಯಿತು. 1994ರಲ್ಲಿ 1 ಕೋಟಿ 40 ಲಕ್ಷ ದಾಟಿದ್ದ ಫಲಾನುಭವಿಗಳು 2000ದ ಹೊತ್ತಿಗೆ ಸುಮಾರು 60 ಲಕ್ಷಕ್ಕೆ ಇಳಿದರು. ಆ ವರ್ಷಗಳಲ್ಲಿ ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿದ್ದು, ದುಡಿಯುವ ಬಡವರಿಗೆ ತೆರಿಗೆಯ ಮೂಲಕ ಕೊಡುವ ನೆರವೂ ಹೆಚ್ಚಿದ್ದರಿಂದ, ಒಂಟಿ ತಾಯಂದಿರಲ್ಲಿ ಕೆಲಸಕ್ಕೆ ಹೋಗುವವರ ಸಂಖ್ಯೆ ಏರಿದ್ದು ನಿಜ. ಇದನ್ನು ಮರೆಮಾಚುವುದು ಸಲ್ಲದು. ಆದರೆ 1996ರಲ್ಲಿ ನೂರು ಬಡ ಕುಟುಂಬಗಳಲ್ಲಿ 68ಕ್ಕೆ ಮುಟ್ಟುತ್ತಿದ್ದ ನಗದು ಸಹಾಯ 2020ರ ವೇಳೆಗೆ 21ಕ್ಕೆ ಮಾತ್ರ ಮುಟ್ಟುತ್ತಿತ್ತು ಎಂಬುದೂ ಅಷ್ಟೇ ನಿಜ.

ಸಂಘಟನೆಯ ಮೇಲೆ ಈ ಕಾನೂನಿನ ಪರಿಣಾಮ ಇನ್ನೂ ಸೂಕ್ಷ್ಮವಾದುದು. ಹಿಂದೆ ತಾಯಂದಿರು ಒಂದೇ ಕಚೇರಿಯಲ್ಲಿ, ಒಂದೇ ಬೆಂಚಿನ ಮೇಲೆ, ಒಂದೇ ನಿಯಮಾವಳಿಯ ಅಡಿಯಲ್ಲಿ ಕೂಡುತ್ತಿದ್ದರು. ಈಗ ನಿಯಮ ಸಂಸ್ಥಾನಕ್ಕೊಂದು, ಜಿಲ್ಲೆಗೊಂದು, ಸಭೆಗೆ ಹೋಗಬೇಕಾದ ಹೊತ್ತಿನಲ್ಲಿ ಕಡ್ಡಾಯದ ಕೆಲಸ, ತಪ್ಪಿದರೆ ದಂಡ, ಮೇಲಾಗಿ, ಇಂದು ಸಂಘಕ್ಕೆ ಸೇರಿದವಳು ನಾಳೆ ಅವಧಿ ಮುಗಿದು ಪಟ್ಟಿಯಿಂದಲೇ ಹೊರಗೆ. ಆದರೂ ತಾಯಂದಿರು ಹೊಸ ನೆಲವನ್ನು ಹುಡುಕಿಕೊಂಡರು. ನ್ಯೂಯಾರ್ಕ್ ನಗರದಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಉದ್ಯಾನಗಳಲ್ಲಿ ಕಸ ಗುಡಿಸಿ, ಸಂಬಳವಿಲ್ಲದೆ ಸಹಾಯಧನಕ್ಕಾಗಿ ದುಡಿಯುತ್ತಿದ್ದ ಸಾವಿರಾರು ಜನ, ತಾವು ಕಾರ್ಮಿಕರೇ ಎಂದು ವಾದಿಸಿ, 1997ರಲ್ಲಿ ತಾವೇ ಮತದಾನ ನಡೆಸಿಕೊಂಡರು. ಸುಮಾರು ಹದಿನೇಳು ಸಾವಿರ ಮಂದಿ ಕಾರ್ಮಿಕ ಸಂಘದ ಪರವಾಗಿ ಮತವಿತ್ತರು. ನಗರಾಡಳಿತ ಅದನ್ನು ಮನ್ನಿಸಲಿಲ್ಲ. ವೆಲ್ಫೇರ್ ತಾಯಂದಿರೇ ಕಟ್ಟಿದ್ದ ‘ಕಮ್ಯುನಿಟಿ ವಾಯ್ಸಸ್ ಹರ್ಡ್’ ಎಂಬ ಸಂಸ್ಥೆ ಆ ವ್ಯಾಜ್ಯವನ್ನು ವರ್ಷಗಟ್ಟಲೆ ನಡೆಸಿತು. ಆ ಸಂಬಳವಿಲ್ಲದ ದುಡಿಮೆಯ ಯೋಜನೆಯನ್ನು ನಗರ ಕೈಬಿಡಲು 2016 ಬರಬೇಕಾಯಿತು. ಫಿಲಡೆಲ್ಫಿಯದ ಕೆನ್ಸಿಂಗ್ಟನ್ ಪೇಟೆಯಲ್ಲಿ 1991ರಲ್ಲೇ ಚೆರಿ ಹೊಂಕಲ ಮೊದಲಾದ ತಾಯಂದಿರು ಕಟ್ಟಿದ ಸಂಘ, 1997ರ ಜೂನಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ನಡೆದುಹೋಗಿ, ಸ್ವದೇಶದ ಕಾನೂನು ಕೈಬಿಟ್ಟ ಹಕ್ಕನ್ನು ಮಾನವಹಕ್ಕುಗಳ ಘೋಷಣೆಯಲ್ಲಿ ತೋರಿಸಿಕೊಟ್ಟಿತು. ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಓದುತ್ತಿದ್ದ ತಾಯಂದಿರು, ಓದನ್ನು ಬಿಟ್ಟು ಕಸ ಗುಡಿಸುವಂತೆ ಬಲಾತ್ಕರಿಸಿದಾಗ, ವಿದ್ಯಾರ್ಥಿ ದುಡಿಮೆಯನ್ನೂ ಕೆಲಸವೆಂದೇ ಎಣಿಸುವ ಕಾನೂನನ್ನು 2000ದಲ್ಲಿ ಸಂಸ್ಥಾನದಿಂದ ಮಾಡಿಸಿದರು. ಮೇನ್ ಸಂಸ್ಥಾನ 1997ರಲ್ಲಿ ತನ್ನ ಸ್ವಂತ ಹಣದಿಂದಲೇ ಕಾಲೇಜು ಓದುವ ತಾಯಂದಿರಿಗೆ ಸಹಾಯವನ್ನು ಮುಂದುವರಿಸಿತು. ಇವೆಲ್ಲ ಸಣ್ಣ ಗೆಲುವುಗಳೇ. ಆದರೆ ಒಂದೊಂದರ ಹಿಂದೆಯೂ ಯಾವುದೋ ಒಂದು ಬರೆದ ನಿಯಮ, ಅದನ್ನು ಓದಿದ ಯಾರೋ ಒಬ್ಬ ತಾಯಿ ಇದ್ದೇ ಇದ್ದಾರೆ.

2021ರಲ್ಲಿ, ಮಹಾಮಾರಿಯ ಕಾಲದಲ್ಲಿ, ಟಿಲ್‌ಮನ್ ಕೇಳಿದ್ದಕ್ಕೆ ಬಹಳ ಸಮೀಪವಾದ ಒಂದು ಏರ್ಪಾಡು ಅಮೆರಿಕದಲ್ಲಿ ಆರು ತಿಂಗಳ ಕಾಲ ನಡೆಯಿತು. ತಾಯಿ ದುಡಿಯುವಳೇ, ಮದುವೆಯಾದವಳೇ, ಮನೆ ಯೋಗ್ಯವೇ ಎಂದು ಕೇಳದೆ, ಜುಲೈಯಿಂದ ಡಿಸೆಂಬರಿನವರೆಗೆ, ಚಿಕ್ಕ ಮಗುವಿಗೆ 300 ಡಾಲರು, ದೊಡ್ಡ ಮಗುವಿಗೆ 250 ಡಾಲರು, ತಿಂಗಳು ತಿಂಗಳು ಕೋಟ್ಯಂತರ ಮನೆಗಳಿಗೆ ಮುಟ್ಟಿತು. ಮಕ್ಕಳ ಬಡತನ ಸರ್ಕಾರದ ಒಂದು ಲೆಕ್ಕದ ಪ್ರಕಾರ ಆ ವರ್ಷ ನೂರಕ್ಕೆ 5.2ಕ್ಕೆ ಇಳಿದು, ಸಹಾಯ ನಿಂತ ಮರುವರ್ಷ 12.4ಕ್ಕೆ ಏರಿತು. ಇಷ್ಟು ಪ್ರಯೋಜನಕಾರಿಯಾದ ಏರ್ಪಾಡು ಇಷ್ಟು ಸುಲಭವಾಗಿ ನಿಂತುಹೋದದ್ದಕ್ಕೆ ಸೆನೆಟ್ಟಿನಲ್ಲಿ ಮತ ಸಾಲದೆ ಹೋದುದು ಪ್ರತ್ಯಕ್ಷ ಕಾರಣ. ಆದರೆ ಈ ಚರಿತ್ರೆಯನ್ನು ಮೊದಲಿನಿಂದ ನೋಡಿಕೊಂಡು ಬಂದವರಿಗೆ ಇನ್ನೊಂದು ಕಾರಣವೂ ಕಾಣುತ್ತದೆ. ಆ ಹಣ ತೆರಿಗೆ ಇಲಾಖೆಯಿಂದ ಒಬ್ಬೊಬ್ಬರ ಖಾತೆಗೆ ಬೇರೆ ಬೇರೆಯಾಗಿ ಬಂತು. ಅದನ್ನು ಪಡೆದವರು ಎಲ್ಲಿಯೂ ಒಟ್ಟುಗೂಡಿರಲಿಲ್ಲ. ಅದು ನಿಂತ ದಿನ ಹೋಗಿ ಕೂರಲು ಅವರಿಗೆ ಒಂದು ಕಚೇರಿ ಇರಲಿಲ್ಲ, ಕೇಳಲು ಒಂದು ಸಂಘವಿರಲಿಲ್ಲ. 1968ರ ನ್ಯೂಯಾರ್ಕಿನಲ್ಲಿ ಹಕ್ಕು ಕುಗ್ಗಿದೊಡನೆ ಸಂಘ ಕುಗ್ಗಿತು; 2021ರಲ್ಲಿ ಸಂಘವಿಲ್ಲದ ಹಕ್ಕು ಆರು ತಿಂಗಳಿಗೆ ತೀರಿತು. ಮುಂದೆ ಅಂತಹ ಕಾನೂನನ್ನು ಮತ್ತೆ ಬರೆಯಹೊರಡುವವರು ಮೊತ್ತವನ್ನು ಗೊತ್ತುಮಾಡುವಾಗಲೇ, ಅದನ್ನು ಕಾಯುವ ತಾಯಂದಿರು ಎಲ್ಲಿ, ಹೇಗೆ ಒಂದುಗೂಡುವರೆಂಬುದನ್ನೂ ಯೋಚಿಸುವುದು ವಿವೇಕ.